ಪೊಲಿಟಿಕಲ್ ಸೈನ್ಸ್ ಮನೇಲಿ ಕೂತು ಓದ್ತಿರೋ ತಂಗಿ-ತಮ್ಮಂದಿರಿಗೆ

ಪೋಸ್ಟ್ ಸ್ವಲ್ಪ ಉದ್ದ ಇದೆ, ಪೂರ್ತಿ ಓದಿ.

ಅಮ್ಮಸಂದ್ರ, ತುರುವೇಕೆರೆ ಕಡೆ ನಮ್ಮ ಕೇರಿ ಮಕ್ಕಳಿಗೆ ಎಸ್ಸೆಸ್ಸೆಲ್ಸಿ ಆದ ತಕ್ಷಣ ಸಿಗೋ ಬುದ್ಧಿಮಾತು ಒಂದೇ: ಐಟಿಐ ಮಾಡು, ಇಲ್ಲಾಂದ್ರೆ ರೈಲು ಹತ್ತಿ ಬೆಂಗಳೂರಿಗೆ ಹೋಗು. ಆರ್ಟ್ಸ್ ಅಂದ್ರೆ ದಡ್ಡರ ಕೋರ್ಸು. ರಾಜ್ಯಶಾಸ್ತ್ರ ಅಂದ್ರಂತೂ ನಗ್ತಾರೆ. ನಗೋರಲ್ಲಿ ನಮ್ಮವರೂ ಇದ್ದಾರೆ. ನನ್ನ ಅಭಿಪ್ರಾಯ ಉಲ್ಟಾ. ತಲೆತಲಾಂತರದಿಂದ ಆಳಿಸಿಕೊಂಡೇ ಬಂದ ಜನ ಮೊದಲು ಓದಬೇಕಾದ್ದು ಆಳೋದು ಹೇಗೆ ಅನ್ನೋದನ್ನೇ.

ನಮ್ಮ ಕಡೆಯ ಒಬ್ಬ ಹೆಣ್ಣುಮಗಳು ಈ ಸಲ ಖಾಸಗಿ ಅಭ್ಯರ್ಥಿಯಾಗಿ ಸೆಕೆಂಡ್ ಪಿಯು ಕಟ್ಟಿದ್ದಾಳೆ. ಹಗಲು ಕೊಬ್ಬರಿ ಕೆಲಸದ ಕೂಲಿ, ರಾತ್ರಿ ಓದು. ಕಾಲೇಜಿನ ಮೆಟ್ಟಿಲು ಹತ್ತದೆ ಆರ್ಟ್ಸ್ ಬರೆಯೋಕೆ ಅವಕಾಶ ಇದೆ ಅನ್ನೋದೇ ಎಷ್ಟೋ ಮನೆಗಳಿಗೆ ಗೊತ್ತಿಲ್ಲ. ಅವಳ ಕೈಲಿ ಇದ್ದದ್ದು ಒಂದು ಗೈಡು, ಒಂದು ಪಾಸಿಂಗ್ ಪ್ಯಾಕೇಜಿನ ಜೆರಾಕ್ಸು. ಬ್ರಿಟನ್ನಿಗೂ ಅಮೆರಿಕಕ್ಕೂ ಇರೋ ವ್ಯತ್ಯಾಸ ಪಾಯಿಂಟ್ ಪಾಯಿಂಟ್ ಬಾಯಿಪಾಠ ಮಾಡಿದ್ದಳು. "ಅಣ್ಣ, ಇದ್ರಿಂದ ನಮ್ಗೇನಾಗ್ಬೇಕು?" ಅಂದಳು. ಸರಿಯಾದ ಪ್ರಶ್ನೆ. ಗೈಡಿನಲ್ಲಿ ಅದಕ್ಕೆ ಉತ್ತರ ಇಲ್ಲ.

ಬಾಬಾಸಾಹೇಬರು 1948ರ ನವೆಂಬರ್ 4ರಂದು ಸಂವಿಧಾನದ ಕರಡು ಮಂಡಿಸಿ ಮಾಡಿದ ಭಾಷಣ ತೆಗೆದು ನೋಡಿ. ಅದರಲ್ಲಿ ಬಹುಭಾಗ ತುಲನಾತ್ಮಕ ಸರ್ಕಾರದ ಪಾಠವೇ. ಅಮೆರಿಕದ ಅಧ್ಯಕ್ಷೀಯ ಪದ್ಧತಿ ಸ್ಥಿರತೆ ಜಾಸ್ತಿ ಕೊಡುತ್ತೆ, ಬ್ರಿಟನ್ನಿನ ಸಂಸದೀಯ ಪದ್ಧತಿ ಹೊಣೆಗಾರಿಕೆ ಜಾಸ್ತಿ ಕೊಡುತ್ತೆ. ಸಂಸದೀಯ ಪದ್ಧತಿಯಲ್ಲಿ ಸರ್ಕಾರವನ್ನ ಚುನಾವಣೆ ಬಂದಾಗ ಮಾತ್ರ ಅಲ್ಲ, ದಿನಾಲೂ ಪ್ರಶ್ನೆ ಮಾಡಬಹುದು. ಅದಕ್ಕೇ ಕರಡು ಹೊಣೆಗಾರಿಕೆಯನ್ನ ಆರಿಸಿತು ಅಂತ ವಿವರಿಸ್ತಾರೆ. ಅಧಿಕಾರದಲ್ಲಿರೋನನ್ನ ಐದು ವರ್ಷ ಕಾಯದೆ ಕೇಳೋ ಹಕ್ಕು ಯಾರಿಗೆ ಜಾಸ್ತಿ ಬೇಕು? ದನಿ ಇಲ್ಲದೋರಿಗೆ. ಈಗ ಆ ಪಾಯಿಂಟ್‌ಗಳನ್ನ ಮತ್ತೆ ಓದು ಅಂದೆ.

ಇನ್ನೊಂದು ಉದಾಹರಣೆ, ಇದು ನನಗೆ ತುಂಬಾ ಮುಖ್ಯ. ನ್ಯೂಜಿಲೆಂಡಿನಲ್ಲಿ ಮೂಲನಿವಾಸಿ ಮಾವೋರಿಗಳಿಗೆ 1867ರಿಂದ ಸಂಸತ್ತಿನಲ್ಲಿ ಪ್ರತ್ಯೇಕ ಸೀಟುಗಳಿವೆ. ಆಗ ನಾಲ್ಕು, ಈಗ ಏಳು. ಆ ಸೀಟುಗಳಿಗೆ ವೋಟು ಹಾಕೋರು ಮಾವೋರಿ ಪಟ್ಟಿಯಲ್ಲಿರೋ ಮತದಾರರೇ. ಅಂದ್ರೆ, ಬಾಬಾಸಾಹೇಬರು ಕೇಳಿದ ಪ್ರತ್ಯೇಕ ಮತಕ್ಷೇತ್ರದಂಥದ್ದೇ! ಆ ದೇಶವೇನೂ ಒಡೆದು ಹೋಳಾಗಲಿಲ್ಲ. ನಮ್ಮಲ್ಲಿ? 1932ರ ಆಗಸ್ಟ್‌ನಲ್ಲಿ ಸಿಕ್ಕಿದ್ದು ಗಾಂಧೀಜಿ ಯರವಾಡದಲ್ಲಿ ಉಪವಾಸ ಕೂತ ಮೇಲೆ ಸೆಪ್ಟೆಂಬರ್ 24ಕ್ಕೆ ಪೂನಾ ಒಪ್ಪಂದ ಆಯ್ತು. ಸೀಟು 71ರಿಂದ 148ಕ್ಕೆ ಏರಿತು, ಆದ್ರೆ ಗೆಲ್ಲಿಸೋ ಕೈ ಬೇರೆಯವರದಾಯ್ತು.

1947ರ ಆಗಸ್ಟ್‌ನಲ್ಲಿ ಸಂವಿಧಾನ ಸಭೆಯಲ್ಲಿ ಮದ್ರಾಸಿನ ದಲಿತ ಸದಸ್ಯ ಎಸ್. ನಾಗಪ್ಪ ಒಂದು ತಿದ್ದುಪಡಿ ತಂದರು. ಮೀಸಲು ಕ್ಷೇತ್ರದಲ್ಲಿ ಗೆಲ್ಲೋನು ಪರಿಶಿಷ್ಟ ಜಾತಿಯವರ ವೋಟುಗಳಲ್ಲಿ ಕನಿಷ್ಠ ಶೇ. 35 ಆದ್ರೂ ಪಡೀಬೇಕು ಅಂತ. ಸರ್ದಾರ್ ಪಟೇಲರು ಒಪ್ಪಲಿಲ್ಲ, ನಾಗಪ್ಪ ವಾಪಸ್ ತಗೊಂಡರು. ಈಗ ನೈಜೀರಿಯಾ ನೋಡಿ: ಅಧ್ಯಕ್ಷನಾಗೋನಿಗೆ ಒಟ್ಟು ಹೆಚ್ಚು ವೋಟು ಬಿದ್ರೆ ಸಾಲದು, ಮೂರನೇ ಎರಡರಷ್ಟು ರಾಜ್ಯಗಳಲ್ಲಿ ಕಾಲುಭಾಗ ವೋಟು ಸಿಗಲೇಬೇಕು. ಒಂದು ಪ್ರದೇಶದ, ಒಂದು ಬುಡಕಟ್ಟಿನ ಬಲದ ಮೇಲೆ ಗೆಲ್ಲಬಾರದು ಅಂತ. ನಾಗಪ್ಪ ಕೇಳಿದ್ದೂ ಇದೇ ಜಾತಿಯ ಷರತ್ತು ತಾನೇ? (ಜಾತಿ ಅನ್ನೋ ಪದ ಇಲ್ಲಿ ಬೇಕಂತಲೇ ಹಾಕಿದೀನಿ.) ನಮ್ಮ ವಿಧಾನಸಭೆಯ 224ರಲ್ಲಿ 36 ಎಸ್‌ಸಿ ಮೀಸಲು ಸೀಟುಗಳಿವೆ. ಕೊರಟಗೆರೆ, ಪಾವಗಡ ನಮ್ಮ ಜಿಲ್ಲೆಯವೇ. ಅಲ್ಲಿ ಗೆಲ್ಲಬೇಕಾದ್ರೆ ಯಾರ ಮನೆ ಬಾಗಿಲಿಗೆ ಮೊದಲು ಹೋಗಬೇಕು ಅಂತ ಯೋಚಿಸಿ, ಆಮೇಲೆ ನಾಗಪ್ಪನವರ ಶೇ. 35 ನೆನಪಿಸ್ಕೊಳ್ಳಿ. ಇದನ್ನ ಯಾವ ಗೈಡೂ ಕೇಳಲ್ಲ.

ಅಮೆರಿಕದ ಹೈಸ್ಕೂಲ್ ಮಕ್ಕಳು ಎಪಿ ಅನ್ನೋ ಪರೀಕ್ಷೆಗೆ ಇದೇ ವಿಷಯ ಓದ್ತಾರೆ. ಬ್ರಿಟನ್, ರಷ್ಯಾ, ಚೀನಾ, ಇರಾನ್, ಮೆಕ್ಸಿಕೊ, ನೈಜೀರಿಯಾ, ಆರು ದೇಶ. ಕ್ಲಾಸಿಗೆ ಹೋಗದೆ ತಾವೇ ಓದಿ ಬರೆಯೋರೂ ಇದ್ದಾರೆ. ನಮ್ಮ ದೇಶ ಆ ಪಟ್ಟಿಯಲ್ಲಿಲ್ಲ, ಇರಲಿ. ಅವರ ಓದೋ ಕ್ರಮ ಮಾತ್ರ ನಮಗೆ ಬೇಕು: ದೇಶ ದೇಶ ಬಿಡಿಬಿಡಿಯಾಗಿ ಉರು ಹೊಡೆಯೋದಲ್ಲ, ಒಂದೇ ಪ್ರಶ್ನೆ ಹಿಡಿದು ಎಲ್ಲಾ ದೇಶಕ್ಕೂ ಹಾಕೋದು. ಸ್ಪರ್ಧೆಗೆ ಯಾರು ನಿಲ್ಲಬಹುದು ಅಂತ ಯಾರು ತೀರ್ಮಾನ ಮಾಡ್ತಾರೆ? ಇರಾನಿನಲ್ಲಿ 12 ಜನರ ರಕ್ಷಕ ಮಂಡಳಿ. ಚೀನಾದಲ್ಲಿ ಪಕ್ಷ. ನಮ್ಮೂರಲ್ಲಿ ಕಾನೂನು ಪ್ರಕಾರ ಯಾರು ಬೇಕಾದ್ರೂ ನಿಲ್ಲಬಹುದು. ಪಂಚಾಯ್ತಿ ಎಲೆಕ್ಷನ್‌ನಲ್ಲಿ ಅರಳಿಕಟ್ಟೆ ಮೇಲೆ "ಅವಿರೋಧ" ಮಾಡೋರು ಯಾರು ಅಂತ ನೀವೇ ಬರ್ಕೊಳ್ಳಿ.

ಸರ್ಕಾರಕ್ಕೆ ಒಂದು ಮಾತು. ಗ್ರಾಮ ಪಂಚಾಯಿತಿ ಲೈಬ್ರರಿಗೆ ಅರಿವು ಕೇಂದ್ರ ಅಂತ ಹೆಸರಿಟ್ಟಿದ್ದೀರಿ, ಒಳ್ಳೇದು. ಕೂಲಿ ಮುಗಿಸಿ ಬರೋ ಮಕ್ಕಳಿಗೆ ಅದು ರಾತ್ರಿ ಒಂಬತ್ತರವರೆಗಾದ್ರೂ ತೆರೆದಿರಲಿ. ಬಾಬಾಸಾಹೇಬರ ಕನ್ನಡ ಸಂಪುಟಗಳು ಬೀರುವಿನಲ್ಲಿ ಬೀಗ ಹಾಕ್ಕೊಂಡು ಕೂರದಿರಲಿ.

ಅಮ್ಮಸಂದ್ರದ ಸುತ್ತಮುತ್ತ ಯಾರಾದ್ರೂ ಖಾಸಗಿಯಾಗಿ ಕಟ್ಟಿದ್ರೆ ಇನ್‌ಬಾಕ್ಸ್‌ಗೆ ಬನ್ನಿ. ಭಾನುವಾರ ಸಂಜೆ ಒಟ್ಟಿಗೆ ಕೂತು ಓದೋಣ. ಹಳೇ ಪ್ರಶ್ನೆಪತ್ರಿಕೆ ಇರೋರು ದಯವಿಟ್ಟು ಫೋಟೊ ತೆಗೆದು ಕಳಿಸಿ, ನಾನು ಜೆರಾಕ್ಸ್ ಮಾಡಿಸ್ತೀನಿ.