ಕಳ್ಳ ಪ್ರತಿಯ ಮೇಲೆ ಕಟ್ಟಿದ ಕಲಿಕೆ

ವೆಬ್ ಡೆವಲಪರ್ ಆಗುತ್ತೇನೆ ಎಂದು ಮಕ್ಕಳು ಹೇಳಿದ ದಿನ ನಾವು ಲ್ಯಾಪ್‌ಟಾಪಿನ ಬೆಲೆ ವಿಚಾರಿಸುತ್ತೇವೆ. ಅದರೊಳಗೆ ಯಾವ ಆಪರೇಟಿಂಗ್ ಸಿಸ್ಟಂ ಇರಬೇಕು, ಅದೇ ಏಕೆ ಇರಬೇಕು ಎಂದು ವಿಚಾರಿಸುವುದಿಲ್ಲ. ಕೆಲವರು ಕಂತಿನ ಸಾಲ ಮಾಡಿ ಮ್ಯಾಕ್‌ಬುಕ್ ಕೊಡಿಸಿ ಕರ್ತವ್ಯ ಮುಗಿಯಿತು ಅಂದುಕೊಳ್ಳುತ್ತಾರೆ. ಉಳಿದವರು ಅಂಗಡಿಯವನು ಹಾಕಿಕೊಟ್ಟ ವಿಂಡೋಸಿನ ಕಳ್ಳ ಪ್ರತಿಯಲ್ಲಿ ತೃಪ್ತರಾಗುತ್ತಾರೆ. ಖರ್ಚಿನಲ್ಲಿ ಅಜಗಜಾಂತರವಿದ್ದರೂ ಎರಡು ಮನೆಗಳ ತಪ್ಪು ಒಂದೇ. ಮಗುವಿನ ವಿದ್ಯೆಯ ಬುನಾದಿಯ ಬಗ್ಗೆ ಯೋಚಿಸುವ ಹೊಣೆಯನ್ನು ನಾವು ಅಂಗಡಿಗೂ ಜಾಹೀರಾತಿಗೂ ಒಪ್ಪಿಸಿಬಿಟ್ಟಿದ್ದೇವೆ.

ಗೊತ್ತಿಲ್ಲದೆ ಹೀಗಾಯಿತು ಎನ್ನುವಂತಿಲ್ಲ. ವೆಬ್‌ಸೈಟುಗಳನ್ನು ಹೊತ್ತ ಸರ್ವರುಗಳಲ್ಲಿ ಬಹುಪಾಲು ಲಿನಕ್ಸ್ ಎಂಬ ಮುಕ್ತ ಆಪರೇಟಿಂಗ್ ಸಿಸ್ಟಂ ಮೇಲೆ ಓಡುವಂಥವು. 1991ರಲ್ಲಿ ಹೆಲ್ಸಿಂಕಿಯ 21 ವರ್ಷದ ವಿದ್ಯಾರ್ಥಿ ಲೀನಸ್ ಟೊರ್ವಾಲ್ಡ್ಸ್ ಆರಂಭಿಸಿದ ಆ ಕೆಲಸ ಇಂದು ನಮ್ಮ ಆಂಡ್ರಾಯ್ಡ್ ಫೋನಿನ ತಿರುಳಿನಲ್ಲೂ ಇದೆ. ನಮ್ಮ ಮಕ್ಕಳು ಬರೆಯುವ ಕೋಡ್ ಕೊನೆಗೆ ಹೋಗಿ ಓಡಬೇಕಾದದ್ದು ಅಲ್ಲಿಯೇ. ಬೆಂಗಳೂರಿನ ಕಂಪನಿಗಳಲ್ಲಿ ದುಡಿಯುವ ನಾವು ಹಗಲೆಲ್ಲ ಅದೇ ಸರ್ವರುಗಳಿಗೆ ಲಾಗಿನ್ ಆಗುತ್ತೇವೆ. ಸಂಜೆ ಮನೆಗೆ ಬಂದು, ಕಲಿಯಲು ಕೂತ ತಂಗಿಗೋ ಅಣ್ಣನ ಮಗನಿಗೋ ಅದರ ಒಂದು ಮಾತನ್ನೂ ಹೇಳುವುದಿಲ್ಲ. ಗದ್ದೆಗೆ ಇಳಿಸದೆ ಬೇಸಾಯ ಕಲಿಸಿದ ಹಾಗೆ ನಾವು ವೆಬ್ ಕಲಿಸುತ್ತಿದ್ದೇವೆ.

ಲಿನಕ್ಸನ್ನು ಕಷ್ಟಪಟ್ಟು ಕಲಿತ ಅಂದಿನವರನ್ನು ನೆನೆಯಬೇಕು. ಡಯಲಪ್ ಕಾಲದಲ್ಲಿ ಒಂದು ಸಿಡಿಯಷ್ಟು ಡೌನ್‌ಲೋಡ್ ಮಾಡುವುದು ಆಗದ ಮಾತಾಗಿತ್ತು. ಪಿಸಿಕ್ವೆಸ್ಟ್ ಪತ್ರಿಕೆಯ ಜೊತೆ ಬಂದ ಲಿನಕ್ಸ್ ಸಿಡಿಯನ್ನು ಗೆಳೆಯರು ಕೈಯಿಂದ ಕೈಗೆ ದಾಟಿಸಿದರು. ಲಿನಕ್ಸಿನದೇ ಒಂದು ರೂಪವಾದ ಉಬುಂಟು 2011ರವರೆಗೂ ಕೇಳಿದವರಿಗೆ ಅಂಚೆಯಲ್ಲಿ ಪುಕ್ಕಟೆ ಸಿಡಿ ಕಳಿಸುತ್ತಿತ್ತು. ಅದಕ್ಕಾಗಿ ವಾರಗಟ್ಟಲೆ ಕಾದವರು ನಮ್ಮ ಜಿಲ್ಲೆಗಳಲ್ಲೂ ಇದ್ದರು. 2001ರಲ್ಲಿ ನಮ್ಮ ಬೆಂಗಳೂರಿನಲ್ಲೇ ‘ಲಿನಕ್ಸ್ ಬೆಂಗಳೂರು’ ಸಮ್ಮೇಳನ ಶುರುವಾಯಿತು. ಸೌಂಡ್ ಕಾರ್ಡು ಮಾತಾಡದಿದ್ದರೆ, ಮೋಡೆಮ್ ಕೈಕೊಟ್ಟರೆ ಅವರು ರಾತ್ರಿಯಿಡೀ ಕೂತು ಕಾರಣ ಹುಡುಕಿದರು. ಹಾಗೆ ಹುಡುಕಿದ್ದರಿಂದಲೇ ಯಂತ್ರವನ್ನು ಅರಿತರು. ಇಂದು ಅದೇ ಲಿನಕ್ಸ್ ಫೋನಿನ ಡೇಟಾದಲ್ಲೇ ಇಳಿಯುತ್ತದೆ, ಪೆನ್‌ಡ್ರೈವಿನಿಂದ ಒಂದು ಗಂಟೆಯೊಳಗೆ ಕೂರುತ್ತದೆ. ಅನುಕೂಲ ನೂರ್ಮಡಿಯಾಗಿದೆ, ನಮ್ಮ ಆಸೆ ಬತ್ತಿದೆ.

ಕಾಲೇಜುಗಳು ಈ ಸೋಮಾರಿತನಕ್ಕೆ ಮುದ್ರೆ ಒತ್ತಿವೆ. ಮೂವತ್ತು ವರ್ಷಕ್ಕೂ ಹಳೆಯ ಟರ್ಬೊ ಸಿಯ ನೀಲಿ ಪರದೆಯನ್ನು ಇನ್ನೂ ಬಿಡದ ಲ್ಯಾಬುಗಳಿವೆ. ಟರ್ಮಿನಲ್ ತೆರೆಯದೆಯೇ ಪದವಿ ಮುಗಿಸುವ ಮಕ್ಕಳಿದ್ದಾರೆ. ವಿಂಡೋಸೋ ಮ್ಯಾಕೋ ಲಿನಕ್ಸೋ ಎಂಬ ವಿಡಿಯೊಗಳನ್ನು ತಿಂಗಳುಗಟ್ಟಲೆ ನೋಡುತ್ತ ಒಂದು ಪುಟವನ್ನೂ ಸ್ವಂತ ಕೈಯಿಂದ ಕಟ್ಟದ ಮಕ್ಕಳೂ ಇದ್ದಾರೆ. ಇದರ ಫಲ ಪ್ರಾಜೆಕ್ಟ್ ಒಪ್ಪಿಸುವ ದಿನ ಎದುರು ನಿಲ್ಲುತ್ತದೆ. ವಿಂಡೋಸಿಗೆ, ಹಾಗೆಯೇ ಮಾಮೂಲು ಮ್ಯಾಕಿಗೆ, ಕಡತದ ಹೆಸರಿನಲ್ಲಿ ಇಂಗ್ಲಿಷಿನ ದೊಡ್ಡಕ್ಷರವೂ ಸಣ್ಣಕ್ಷರವೂ ಒಂದೇ. ಲಿನಕ್ಸಿಗೆ ಬೇರೆ ಬೇರೆ. ಹೆಸರಿನ ಒಂದು ಅಕ್ಷರ ಹಾಗೆ ಬದಲಾಗಿದ್ದರೂ ಮನೆಯಲ್ಲಿ ಕಂಡ ಚಿತ್ರ ಸರ್ವರಿನಲ್ಲಿ ಮಾಯವಾಗುತ್ತದೆ. ವಿಂಡೋಸಿನ ಎಡಿಟರ್ ಸಾಲಿನ ಕೊನೆಗೆ ಸೇರಿಸಿದ ಒಂದು ಅದೃಶ್ಯ ಅಕ್ಷರದಿಂದ ಅಲ್ಲಿ ಸ್ಕ್ರಿಪ್ಟ್ ಓಡುವುದೇ ಇಲ್ಲ. ಲಾಗ್ ಓದಲು, ಅನುಮತಿ ಸರಿಪಡಿಸಲು ಯಾರೂ ಕಲಿಸಿರದ ಹುಡುಗಿ ತನ್ನನ್ನೇ ದಡ್ಡಿ ಎಂದುಕೊಳ್ಳುತ್ತಾಳೆ. ಅವಳು ದಡ್ಡಿಯಲ್ಲ. ಕಲಿಸಬೇಕಾದ ನಾವು ಕಲಿಸಲಿಲ್ಲ, ಅಷ್ಟೇ.

ಇದಕ್ಕಿಂತ ಹೀನವಾದದ್ದು ಕಳ್ಳ ಪ್ರತಿಯ ಸಂಗತಿ. ತಿಳಿದೂ ಕಳ್ಳ ಸಾಫ್ಟ್‌ವೇರ್ ಬಳಸುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 63ಬಿ ಕಲಮಿನಡಿ ಅಪರಾಧ. ಶಿಕ್ಷೆ 3 ವರ್ಷದ ಸೆರೆವಾಸದವರೆಗೂ ಹೋಗಬಹುದು. ಕ್ರ್ಯಾಕ್ ಮಾಡುವ ಆ ಆಕ್ಟಿವೇಟರುಗಳನ್ನು ಓಡಿಸಲು ಮೊದಲು ಆ್ಯಂಟಿವೈರಸ್ ನಿಲ್ಲಿಸಿ ಎನ್ನುತ್ತಾರೆ, ನಾವು ಮರುಮಾತಿಲ್ಲದೆ ನಿಲ್ಲಿಸುತ್ತೇವೆ. ಮನೆಯವರ ಬ್ಯಾಂಕ್ ಪಾಸ್‌ವರ್ಡೂ ಮುಂದೊಂದು ದಿನ ಗ್ರಾಹಕರ ಸರ್ವರಿನ ಕೀಲಿಯೂ ಇರುವ ಯಂತ್ರಕ್ಕೆ ಅಪರಿಚಿತರನ್ನು ಬಿಟ್ಟುಕೊಳ್ಳುತ್ತೇವೆ. ಸಾಫ್ಟ್‌ವೇರ್ ಬರೆದು ಅನ್ನ ಉಣ್ಣಬೇಕಾದ ಮಕ್ಕಳಿಗೆ ಸಾಫ್ಟ್‌ವೇರ್ ಕದಿಯುವುದನ್ನೇ ಮೊದಲ ಪಾಠವಾಗಿ ಹೇಳಿಕೊಟ್ಟು, ನಾಳೆ ಅವರ ದುಡಿಮೆಗೆ ಯಾರು ಬೆಲೆ ಕೊಡಬೇಕೆಂದು ನಿರೀಕ್ಷಿಸುತ್ತೇವೆ?

ಇದರ ಮೇಲೆ ದುಂದು ಬೇರೆ. ವಿಂಡೋಸ್ 10ರ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿಯಿತು. ಹನ್ನೊಂದನೆಯದು ಟಿಪಿಎಂ 2.0 ಚಿಪ್ ಕೇಳುತ್ತದೆ, ಹಳೆಯ ಪ್ರೊಸೆಸರುಗಳನ್ನು ಒಪ್ಪುವುದಿಲ್ಲ. ಕೂಡಲೇ ನಾವು ಗಟ್ಟಿಮುಟ್ಟಾದ ಲ್ಯಾಪ್‌ಟಾಪುಗಳನ್ನು ಗುಜರಿಗೆ ಹಾಕಲು ಹೊರಟೆವು. 4 ಜಿಬಿ ರ್‍ಯಾಮಿನ ಆ ಯಂತ್ರಕ್ಕೆ ಲಿನಕ್ಸ್ ಮಿಂಟೋ ಲುಬುಂಟುವೋ ಹಾಕಿದ್ದರೆ ಒಬ್ಬ ಬಡ ವಿದ್ಯಾರ್ಥಿಯ ಕಲಿಕೆ ಸಾಗುತ್ತಿತ್ತು. ಪಕ್ಕದ ಕೇರಳ ಸರ್ಕಾರಿ ಶಾಲೆಗಳ ಕಂಪ್ಯೂಟರುಗಳನ್ನೇ ಮುಕ್ತ ತಂತ್ರಾಂಶಕ್ಕೆ ತಿರುಗಿಸಿ ಹೈಸ್ಕೂಲಿನಲ್ಲೇ ಮಕ್ಕಳ ಕೈ ಪಳಗಿಸಿದೆ. ಐಟಿ ರಾಜಧಾನಿ ಎಂದು ಬೀಗುವ ನಾವು ಆ ಹೆಸರಿನ ಬಾಡಿಗೆ ತಿನ್ನುತ್ತ ಕೂತಿದ್ದೇವೆ.

ವಿಂಡೋಸ್ ಬಳಸುವುದು ಪಾಪವಲ್ಲ. ದುಡ್ಡು ಕೊಟ್ಟು ಕೊಂಡ ವಿಂಡೋಸ್ ಇದ್ದರೆ ಅದರೊಳಗೇ ಲಿನಕ್ಸ್ ಓಡಿಸಲು 2016ರಿಂದ ಡಬ್ಲ್ಯುಎಸ್ಎಲ್ ಇದೆ. ಮ್ಯಾಕ್ ಯುನಿಕ್ಸಿನ ವಂಶದ್ದು, ಅದರ ಟರ್ಮಿನಲ್ ಒಳ್ಳೆಯದೇ. ಆದರೆ ಐಫೋನಿನ ಆ್ಯಪ್ ಕಟ್ಟದ ಹೊಸಬರು ಅದಕ್ಕಾಗಿ ಸಾಲ ಹೊರಬೇಕಾಗಿಲ್ಲ. ಫೋಟೋಶಾಪ್ ಲಿನಕ್ಸಿಗೆ ಬರುವುದಿಲ್ಲ ಎಂಬ ನೆಪವೂ ನಿಲ್ಲುವುದಿಲ್ಲ: ವಿನ್ಯಾಸಕ್ಕೆ ಬೇಕಾದ ಫಿಗ್ಮಾ ಬ್ರೌಸರಿನಲ್ಲೇ ತೆರೆಯುತ್ತದೆ, ಕೋಡ್ ಬರೆಯುವ ವಿಎಸ್ ಕೋಡ್ ಮೂರರಲ್ಲೂ ಓಡುತ್ತದೆ. ಹೊಸಬರಿಗೆ ಬೇಕಾದದ್ದು ಒಂದು ದಿನದಲ್ಲಿ ನಿರ್ಧಾರ, ಮರುದಿನದಿಂದ ಟರ್ಮಿನಲ್ಲಿನ ಅಭ್ಯಾಸ, ಮತ್ತು ತಪ್ಪಾದಾಗ ಪಕ್ಕದಲ್ಲಿ ಕೂರುವ ಒಬ್ಬ ಹಿರಿಯರು.

ಆ ಹಿರಿಯರು ನಾವೇ. ಸರ್ವರಿನ ಮುಂದೆ ಸಂಬಳ ಎಣಿಸುವ ನಮಗೆ ವಾರಕ್ಕೊಂದು ಸಂಜೆ ಇಲ್ಲವೆಂದರೆ ಅದು ಸುಳ್ಳು. ಮನೆಯ ಮಕ್ಕಳ ಯಂತ್ರದಲ್ಲಿ ಕಳ್ಳ ಪ್ರತಿಯಿದ್ದರೆ ಇಂದೇ ತೆಗೆಸಬೇಕು, ಲಿನಕ್ಸ್ ಹಾಕಲು ಅವರ ಜೊತೆ ಕೂರಬೇಕು. ಇಷ್ಟೂ ಮಾಡದವರಿಗೆ, ಈಗಿನ ಮಕ್ಕಳಿಗೆ ಕೆಲಸ ಬರುವುದಿಲ್ಲ ಎಂದು ಸಂದರ್ಶನದ ಕೋಣೆಯಲ್ಲಿ ಕೂತು ಮೂಗು ಮುರಿಯುವ ಹಕ್ಕಿಲ್ಲ.