ಪ್ಯಾಂಪರ್ ಮಾಡ್ಕೊಳ್ಳೋಕೆ ಪಾರ್ಲರ್ರೇ ಬೇಕಾ?

ಬ್ಯೂಟಿ ಪಾರ್ಲರ್ ಮೆಟ್ಟಿಲು ಹತ್ತಿದಾಗಷ್ಟೇ ನಮಗೆ ‘ಪ್ಯಾಂಪರ್’ ಪದ ನೆನಪಾಗುತ್ತೆ, ಅಲ್ವಾ? ಅದೂ ‘ಮದುವೆ ಇತ್ತು, ಅದಕ್ಕೇ ಪ್ಯಾಂಪರ್ ಮಾಡ್ಕೊಂಡೆ’ ಅನ್ನೋ ಸಮಜಾಯಿಷಿ ಜತೆಗೆ. ಇಂಗ್ಲಿಷಿನಲ್ಲಿ ಈ ಕ್ರಿಯಾಪದಕ್ಕೆ ಮೊದಲಿದ್ದ ಅರ್ಥ, ಹೊಟ್ಟೆ ಬಿರಿಯುವಷ್ಟು ಉಣಿಸುವುದು! ಆ ಕೆಲಸ ಮನೆಮಂದಿಗೆಲ್ಲ ದಿನಾ ಮಾಡ್ತೀವಿ. ನಮ್ಮ ಪಾಲಿಗೆ ಮಾತ್ರ ತಣ್ಣಗಾದ, ಸೀದ ದೋಸೆ.

ಇಂಗ್ಲಿಷಿನಲ್ಲಿ ‘ನನ್ನನ್ನು ನಾನೇ’ ಅಂತ ಬೇರೆ ಪದ ಸೇರಿಸಬೇಕು. ಕನ್ನಡದಲ್ಲಿ ‘ಕೊಳ್ಳು’ ಹಚ್ಚಿದರೆ ಸಾಕು: ಮುಡಿದುಕೊಂಡೆ, ಬಡಿಸಿಕೊಂಡೆ. ಇನ್ನು ಮೇಲೆ ಕಾರಣ ಕೊಡದೆ ಹೇಳಿ ನೋಡಿ. ‘ಮೊದಲ ಬಿಸಿ ದೋಸೆ ನಾನೇ ಹಾಕ್ಕೊಂಡೆ’, ‘ಮಧ್ಯಾಹ್ನ ಅರ್ಧ ಗಂಟೆ ಮಲಗಿಕೊಂಡೆ’. ಅದರಲ್ಲಿ ಸ್ವಾರ್ಥವೇನೂ ಇಲ್ಲ ಕಣ್ರೀ. ಪಾರ್ಲರ್‌ಗೆ ದುಡ್ಡು ಬೇಕು, ಇದಕ್ಕೆ ಮನಸ್ಸು ಸಾಕು. ನಾಳೆ ಬೆಳಿಗ್ಗೆಯಿಂದಲೇ ಶುರು ಮಾಡ್ತೀರಾ?