ಹಾರುವ ಯಂತ್ರವೂ ಹೂ ಬಿಡಿಸುವ ಕೈಯೂ

ಮುಂದಿನ ಕಾಲ ಹೇಗಿದ್ದೀತು ಎಂದು ಯಾರಾದರೂ ಕೇಳಿದರೆ ನಾವು ಸಾಮಾನ್ಯವಾಗಿ ದೊಡ್ಡ ನಗರಗಳತ್ತ, ಗಣಕಯಂತ್ರಗಳತ್ತ, ಪರದೇಶದ ನಾಯಕರತ್ತ ಕೈ ತೋರಿಸುತ್ತೇವೆ. ಅಷ್ಟು ದೂರ ಹೋಗಬೇಕಾಗಿಲ್ಲ. ನಿಲಕ್ಕೋಟ್ಟೈ ಸುತ್ತಿನ ಯಾವುದಾದರೂ ಮಲ್ಲಿಗೆ ತೋಟದಲ್ಲಿ ಬೆಳಗಿನ ಜಾವ ನಿಂತರೆ ಸಾಕು. ಬದಲಾಗುತ್ತಿರುವ ಹವಾಮಾನ, ಹೊಸ ಯಂತ್ರ, ಲೋಕದ ರಾಜಕೀಯ, ಈ ಮೂರೂ ಅಲ್ಲಿ ಒಂದೇ ಗಿಡದ ಬಳಿ ಬಂದು ಸೇರುತ್ತವೆ. ಮೂರರ ಭಾರವೂ ಕಡೆಗೆ ಬೀಳುವುದು ಹೂ ಬಿಡಿಸುವವರ ಮೇಲೆ, ಹೆಚ್ಚಾಗಿ ಹೆಣ್ಣುಮಕ್ಕಳ ಮೇಲೆ.

ಮನೆಯಲ್ಲಿ ಕನ್ನಡ, ಮಾರುಕಟ್ಟೆಯಲ್ಲಿ ತಮಿಳು ಮಾತಾಡುವ ನಮ್ಮ ಅನೇಕ ಕುಟುಂಬಗಳಿಗೆ ಮಲ್ಲಿಗೆಯ ಲೆಕ್ಕ ಚೆನ್ನಾಗಿ ಗೊತ್ತು. ಬೇಸಿಗೆಯಲ್ಲಿ ಹೂ ರಾಶಿ, ಬೆಲೆ ಕಡಿಮೆ. ಡಿಸೆಂಬರ್-ಜನವರಿಯ ಮಂಜಿನಲ್ಲಿ ಹೂ ವಿರಳ, ಬೆಲೆ ಆಕಾಶಕ್ಕೆ. 2013ರಲ್ಲಿ ಭೌಗೋಳಿಕ ಗುರುತು ಪಡೆದ ಮದುರೆ ಮಲ್ಲಿಗೆಯ ಸೀಮೆಯಲ್ಲಿ ನಮ್ಮ ದಿಂಡಿಗಲ್ ಜಿಲ್ಲೆಯೂ ಸೇರಿದೆ. ಆದರೆ ಹಿರಿಯರಿಂದ ಬಂದ ಈ ಲೆಕ್ಕ ಈಗ ತಪ್ಪುತ್ತಿದೆ. ದಾಖಲೆ ಇಟ್ಟ ಕಾಲದಿಂದ ಇತ್ತ 2024 ಭೂಮಿಯ ಅತಿ ಬಿಸಿಯಾದ ವರ್ಷ ಎಂದು ವಿಶ್ವ ಹವಾಮಾನ ಸಂಸ್ಥೆ ಹೇಳಿದೆ. ಒಣ ಬಿಸಿಲು ಹೆಚ್ಚಾದರೆ ಕೆಂಪು ನುಸಿ ಹೆಚ್ಚುತ್ತದೆ; ಅಕಾಲದಲ್ಲಿ ಮಳೆ ಬಂದರೆ ಮೊಗ್ಗು ಕೊರೆಯುವ ಹುಳು. ಎರಡಕ್ಕೂ ರೈತನಿಗೆ ಕಾಣುವ ಉತ್ತರ ಒಂದೇ: ಇನ್ನೊಂದು ಸಲ ಮದ್ದು ಹೊಡೆಯುವುದು.

ಇಲ್ಲಿ ಒಂದು ವಿಷಯವನ್ನು ನಾವು ಗಮನಿಸಬೇಕು. ಬತ್ತಕ್ಕೋ ಬೇಳೆಗೋ ಮದ್ದು ಹೊಡೆದ ಮೇಲೆ ಕೊಯ್ಲಿನ ತನಕ ಅನೇಕ ದಿನಗಳ ಅಂತರ ಇಡಬಹುದು. ಹಂಗಾಮಿನಲ್ಲಿ ಮಲ್ಲಿಗೆಯನ್ನು ದಿನವೂ ಬಿಡಿಸಬೇಕು. ಮೊಗ್ಗು ಅರಳಿದರೆ ಬೆಲೆ ಇಲ್ಲ. ಸಂಜೆ ಮದ್ದು ಬಿದ್ದ ಗಿಡಕ್ಕೆ ಮರುದಿನ ಮುಂಜಾನೆ ಬರಿಗೈ ಹಾಕುವವರು ಯಾರು? ಹೂವು ತಿನ್ನುವ ವಸ್ತುವಲ್ಲವೆಂದು ಅದರ ಮೇಲಿನ ವಿಷದ ಬಗ್ಗೆ ಯಾರೂ ಹೆಚ್ಚು ತಲೆ ಕೆಡಿಸಿಕೊಳ್ಳುವುದಿಲ್ಲ. ಆದರೆ ಚರ್ಮಕ್ಕೆ ಹೂವೂ ಒಂದೇ, ತರಕಾರಿಯೂ ಒಂದೇ.

ಮೊನೊಕ್ರೊಟೊಫಾಸ್ ಎಂಬ ಮದ್ದನ್ನು ನೋಡಿ. ಹೆಚ್ಚು ಅಪಾಯಕಾರಿ ಗುಂಪಿನದೆಂದು ವಿಶ್ವ ಆರೋಗ್ಯ ಸಂಸ್ಥೆ ಗುರುತಿಸಿದ ಇದನ್ನು ಮಲ್ಲಿಗೆಯ ಮೊಗ್ಗು ಹುಳುವಿಗೆ ವರ್ಷಗಟ್ಟಲೆ ಶಿಫಾರಸು ಮಾಡಲಾಗುತ್ತಿತ್ತು. 2013ರಲ್ಲಿ ಬಿಹಾರದ ಶಾಲೆಯೊಂದರ ಮಧ್ಯಾಹ್ನದೂಟಕ್ಕೆ ಇದು ಸೇರಿ 23 ಮಕ್ಕಳು ಸತ್ತರು. ನಮ್ಮ ದೇಶದಲ್ಲಿ ಬಹುವಾಗಿ ಬಳಕೆಯಲ್ಲಿದ್ದ ಅದರ ದ್ರವರೂಪವನ್ನು ನಿಲ್ಲಿಸುವ ಆದೇಶ ಕೇಂದ್ರ ಸರಕಾರದಿಂದ ಬಂದದ್ದು 2023ರಲ್ಲಿ. ಆ ಹತ್ತು ವರ್ಷ ತೋಟಗಳಲ್ಲಿ ಹೂ ಬಿಡಿಸಿದವರ ಆರೋಗ್ಯದ ಲೆಕ್ಕವನ್ನು ಯಾರು ಇಟ್ಟರು?

ಈಗ ಯಂತ್ರದ ಮಾತು. ಡ್ರೋನ್ ಎಂಬ ಹಾರುವ ಯಂತ್ರದಿಂದ ಮದ್ದು ಸಿಂಪಡಿಸುವ ಕೆಲಸ ದೇಶದಲ್ಲಿ ಬೇಗ ಬೇಗ ಹಬ್ಬುತ್ತಿದೆ. ಮಹಿಳಾ ಸ್ವಸಹಾಯ ಸಂಘಗಳಿಗೆ 15,000 ಡ್ರೋನ್ ಒದಗಿಸುವ ಯೋಜನೆಗೆ ಕೇಂದ್ರ ಸರಕಾರ 2023ರಲ್ಲಿ ಒಪ್ಪಿಗೆ ಕೊಟ್ಟಿತು. ನಮ್ಮ ಬಯಲಿಗೂ ಈ ಯಂತ್ರ ಬಾರದೆ ಇರದು. ನಾವು ಯಂತ್ರದ ವಿರೋಧಿಗಳಲ್ಲ. ಬೆನ್ನಿಗೆ ತುಂಬಿದ ಡಬ್ಬ ಕಟ್ಟಿಕೊಂಡು, ತಾನೇ ಎಬ್ಬಿಸಿದ ವಿಷದ ಮಂಜಿನೊಳಗೆ ನಡೆಯುವ ಕೂಲಿಯವನಿಗೆ ಇದು ದೊಡ್ಡ ಬಿಡುಗಡೆ. 2017ರಲ್ಲಿ ಮಹಾರಾಷ್ಟ್ರದ ಯವತ್ಮಾಳದಲ್ಲಿ ಹತ್ತಿ ಹೊಲಕ್ಕೆ ಮದ್ದು ಹೊಡೆಯುತ್ತಲೇ 20ಕ್ಕೂ ಹೆಚ್ಚು ಮಂದಿ ಪ್ರಾಣ ಬಿಟ್ಟದ್ದನ್ನು ಮರೆಯಲಾಗದು. ಡ್ರೋನ್ ಸಿಂಪಡಿಸುವವನನ್ನು ಮದ್ದಿನಿಂದ ದೂರ ಇಡುತ್ತದೆ, ನಿಜ. ಆದರೆ ಕೆಳಗಿರುವವರನ್ನು ಕಾಯುವವರು ಯಾರು?

ಈ ಪ್ರಶ್ನೆ ನಮ್ಮ ಭಾಷೆಯವರಿಗೆ ಹೊಸದಲ್ಲ. ಕಾಸರಗೋಡಿನ ಗೇರು ತೋಟಗಳಲ್ಲಿ ಟೀ ಸೊಳ್ಳೆ ಎಂಬ ಕೀಟವನ್ನು ಕೊಲ್ಲಲು 1970ರ ದಶಕದ ಕೊನೆಯಿಂದ 2000ದ ತನಕ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿಸಲಾಯಿತು. ತೋಟ ಕೇರಳ ಸರಕಾರದ ತೋಟಗಾರಿಕಾ ನಿಗಮದ್ದು. ಅಂದಿನ ಕಾಲಕ್ಕೆ ಅದೂ ಪ್ರಗತಿಯೇ. ಗುಡ್ಡದ ಮೇಲೆ ತೋಟ, ಕೆಳಗೆ ಮನೆ, ತೋಡು, ಸುರಂಗದ ನೀರು. ಎಣ್ಮಕಜೆಯ ಪಡ್ರೆ ಗ್ರಾಮದಲ್ಲಿ ಸಣ್ಣ ಚಿಕಿತ್ಸಾಲಯ ಇಟ್ಟಿದ್ದ ಡಾ. ವೈ. ಎಸ್. ಮೋಹನ್ ಕುಮಾರ್ ಒಂದೇ ಊರಿನಲ್ಲಿ ಬುದ್ಧಿಮಾಂದ್ಯ, ಅಪಸ್ಮಾರ, ಅಂಗವೈಕಲ್ಯ ಇಷ್ಟೇಕೆ ಎಂದು ಕೇಳಿದರು. ಪತ್ರಕರ್ತ ಶ್ರೀ ಪಡ್ರೆ ಬರೆದರು. ಕೃಷಿ ಇಲಾಖೆಯಲ್ಲೇ ಕೆಲಸದಲ್ಲಿದ್ದ ಲೀಲಾಕುಮಾರಿ ಅಮ್ಮ ನ್ಯಾಯಾಲಯದ ಮೆಟ್ಟಿಲೇರಿದರು. ಸುಪ್ರೀಂ ಕೋರ್ಟ್ ದೇಶಾದ್ಯಂತ ಈ ವಿಷವನ್ನು ತಡೆದದ್ದು 2011ರ ಮೇ ತಿಂಗಳಲ್ಲಿ. ಸಂತ್ರಸ್ತರಿಗೆ ತಲಾ 5 ಲಕ್ಷ ರೂಪಾಯಿ ಕೊಡಬೇಕೆಂದು ಕೇರಳ ಸರಕಾರಕ್ಕೆ ಹೇಳಿದ್ದು 2017ರ ಜನವರಿಯಲ್ಲಿ. ಮೊದಲ ಹೆಲಿಕಾಪ್ಟರ್ ಹಾರುವಾಗ ಹುಟ್ಟಿದ ಮಗು ಅಷ್ಟರಲ್ಲಿ ನಡುವಯಸ್ಸಿಗೆ ಬಂದಿತ್ತು.

ಲೋಕದ ರಾಜಕೀಯ ಇಲ್ಲಿ ಹೇಗೆ ಆಡಿತು ನೋಡಿ. 2011ರ ಏಪ್ರಿಲ್‌ನಲ್ಲಿ ಜಿನೀವಾದಲ್ಲಿ ಸ್ಟಾಕ್‌ಹೋಮ್ ಒಪ್ಪಂದದ ರಾಷ್ಟ್ರಗಳು ಎಂಡೋಸಲ್ಫಾನನ್ನು ನಿಷೇಧದ ಪಟ್ಟಿಗೆ ಸೇರಿಸಿದವು. ಅದಕ್ಕೆ ಕೊನೆಯ ತನಕ ಎದುರಾಡಿದ ದೇಶ ನಮ್ಮದೇ. ಶ್ರೀಮಂತ ದೇಶಗಳೂ ಇದರಲ್ಲಿ ನಿರ್ದೋಷಿಗಳಲ್ಲ. ಪ್ಯಾರಾಕ್ವಾಟ್ ಎಂಬ ಕಳೆನಾಶಕಕ್ಕೆ ಪ್ರತಿವಿಷವೇ ಇಲ್ಲ. 2007ರಲ್ಲಿ ಯುರೋಪ್ ಒಕ್ಕೂಟ ಅದನ್ನು ತನ್ನ ಹೊಲಗಳಿಂದ ಹೊರಗಿಟ್ಟಿತು. ಆದರೂ ಬ್ರಿಟನ್ನಿನ ಕಾರ್ಖಾನೆಯಿಂದ ಅದು ಬಡ ದೇಶಗಳಿಗೆ ಹಡಗು ಹತ್ತುತ್ತಲೇ ಇತ್ತು. ಕೊಳ್ಳುವವನ ಮಾತಿಗೆ ಮಾತ್ರ ಬೆಲೆ ಇದೆ. ಶೇಷವಿಷ ಹೆಚ್ಚಾಗಿದೆಯೆಂದು 2018ರಲ್ಲಿ ಸೌದಿ ಅರೇಬಿಯ ಭಾರತದ ಏಲಕ್ಕಿಯನ್ನು ತಡೆದಾಗ ಬೋಡಿನಾಯಕನೂರಿನ ವ್ಯಾಪಾರಿಗಳಿಂದ ಇಡುಕ್ಕಿಯ ಬೆಳೆಗಾರರವರೆಗೆ ಎಲ್ಲರಿಗೂ ಎಚ್ಚರವಾಯಿತು. ಹೊರಗಿನ ಗ್ರಾಹಕನ ಆರೋಗ್ಯಕ್ಕಾಗಿ ಪರೀಕ್ಷೆ ಇದೆ. ಕಂಬಂ ಕಣಿವೆಯಿಂದ ಜೀಪಿನಲ್ಲಿ ಬೆಟ್ಟ ಹತ್ತಿ ಅದೇ ಏಲಕ್ಕಿ ಬಿಡಿಸುವ ಹೆಂಗಸಿನ ರಕ್ತವನ್ನು ಯಾರು ಪರೀಕ್ಷಿಸುತ್ತಾರೆ?

ಆದ್ದರಿಂದ ನಮ್ಮ ಅಭಿಪ್ರಾಯ ಇಷ್ಟು. ಬರುವ ಕಾಲವನ್ನು ತಡೆಯಲು ನಮ್ಮಿಂದಾಗದು. ಆದರೆ ಅದು ಯಾರ ತಲೆಯ ಮೇಲೆ ಇಳಿಯಬೇಕು ಎಂಬ ವಿಷಯದಲ್ಲಿ ನಾವು ಬಾಯಿ ತೆರೆಯಬಹುದು. ಕಾಸರಗೋಡಿನಲ್ಲಿ ಪ್ರಶ್ನೆ ಎದ್ದದ್ದು ಕಾಯಿಲೆ ಬಂದ ಮೇಲೆ. ನಮಗೆ ಯಂತ್ರ ಬರುವ ಮುನ್ನವೇ ಕೇಳುವ ಅವಕಾಶ ಇದೆ.

ಮಾಡಬಹುದಾದ ಕೆಲವು ಕೆಲಸಗಳನ್ನು ಇಲ್ಲಿ ಹೇಳುತ್ತೇವೆ.

1. ಡ್ರೋನ್ ಹಾರಿಸುವ ಮುನ್ನ ಊರಿಗೆ ಮುಂಚಿತವಾಗಿ ತಿಳಿಸಬೇಕು ಎಂಬುದು ಕೇಂದ್ರ ಕೃಷಿ ಸಚಿವಾಲಯ 2021ರಲ್ಲಿ ಹೊರಡಿಸಿದ ಕಾರ್ಯವಿಧಾನದಲ್ಲೇ ಇದೆ. ಗ್ರಾಮಸಭೆಯಲ್ಲಿ ಇದನ್ನು ಕೇಳಿ ಬರೆಸಿ. ಬಾವಿ, ಕೆರೆ, ಶಾಲೆ, ಮನೆಗಳ ಹತ್ತಿರ ಮತ್ತು ಗಾಳಿ ಜೋರಾಗಿರುವಾಗ ಸಿಂಪರಣೆ ಕೂಡದು.

2. ತೋಟವನ್ನು ಎರಡು ಪಾಲು ಮಾಡಿ. ಮದ್ದು ಬಿದ್ದ ಪಾಲಿಗೆ ಚೀಟಿಯಲ್ಲಿ ಹೇಳಿದಷ್ಟು ಕಾಲ ಯಾರೂ ಇಳಿಯಬಾರದು. ಆ ದಿನದ ಹೂವಿನ ನಷ್ಟ ತೋಟದ ಖರ್ಚಿಗೆ ಸೇರಲಿ, ಕೂಲಿಯವಳ ಮೈಗೆ ಬೇಡ.

3. ಡಬ್ಬದ ಮೇಲಿನ ಬಣ್ಣ ನೋಡಿ. ಕೆಂಪು ಅತಿ ವಿಷ. ಅನಂತರ ಹಳದಿ, ನೀಲಿ, ಹಸಿರು. ರಸೀತಿ ಇಲ್ಲದೆ ಕೊಳ್ಳಬೇಡಿ. ಖಾಲಿ ಡಬ್ಬವನ್ನು ಮನೆಯ ಬಳಕೆಗೆ ತರಬೇಡಿ.

4. ನವೆಂಬರ್ ಕೊನೆಯಲ್ಲಿ ಸರಿಯಾಗಿ ಕವಾತು ಮಾಡುವುದು, ಹುಳು ಬಿದ್ದ ಮೊಗ್ಗನ್ನು ಆರಿಸಿ ನಾಶ ಮಾಡುವುದು, ಬೇವಿನ ಬೀಜದ ಕಷಾಯ ಬಳಸುವುದು, ಇವುಗಳಿಂದ ಎಷ್ಟೋ ಸಲದ ಸಿಂಪರಣೆ ತಪ್ಪಿಸಬಹುದು.

5. ಹೂ ಬಿಡಿಸಿದ ಮೇಲೆ ಸಾಬೂನಿನಿಂದ ಕೈ ತೊಳೆದೇ ಊಟ, ನೀರು. ತೋಟದ ಬಟ್ಟೆಯನ್ನು ಬೇರೆಯಾಗಿ ಒಗೆಯಿರಿ.

6. ತಲೆ ಸುತ್ತು, ವಾಂತಿ, ಅತಿಯಾದ ಬೆವರು, ಜೊಲ್ಲು, ಕಣ್ಣು ಮಂಜಾಗುವುದು, ಉಸಿರಾಟದ ಕಷ್ಟ ಕಂಡರೆ ಬಿಸಿಲಿನ ಆಯಾಸವೆಂದು ಸುಮ್ಮನಿರಬೇಡಿ. ಬಟ್ಟೆ ಕಳಚಿ, ಮೈ ತೊಳೆದು, 108ಕ್ಕೆ ಕರೆ ಮಾಡಿ. ವಾಂತಿ ಮಾಡಿಸಲು ಹೋಗಬೇಡಿ. ಮದ್ದಿನ ಚೀಟಿಯನ್ನು ಆಸ್ಪತ್ರೆಗೆ ಕೊಂಡೊಯ್ಯಿರಿ. ವೈದ್ಯರಿಗೆ ಅದೇ ದಾರಿ ತೋರಿಸುತ್ತದೆ.

ಇವು ದೊಡ್ಡ ಮಾತುಗಳಲ್ಲ. ಜಿನೀವಾದ ಸಭೆಯಲ್ಲಿ ನಮಗೆ ಕುರ್ಚಿ ಇಲ್ಲ. ಮುಂದಿನ ಗ್ರಾಮಸಭೆಯಲ್ಲಿ ಇದೆ. ತೋಟದ ಯಜಮಾನರೂ ಹೂ ಬಿಡಿಸುವವರೂ ಅಲ್ಲಿಗೆ ಒಟ್ಟಾಗಿ ಹೋಗಲಿ ಎಂಬುದು ನಮ್ಮ ವಿನಂತಿ.